ಗಾಡಿಗೆ ಹಚ್ಚಿದ ಹಲಸಿನ ಮೇಣ

ನನ್ನ ಮೊಮ್ಮಗಳು ಗಾಡಿ ಕೂಡಿಸಿದಳು! ನಿನ್ನೆ ಮುಂಜಾನೆ, ಅಳ್ನಾವರ ಟೇಶನ್ನಿನಲ್ಲಿ, ನನ್ನ ಈ ಎರಡು ಕಣ್ಣಿನ ಎದುರಿಗೆ. ಇಂಜಿನ್ನಿಗೂ ಡಬ್ಬಿಗೂ ನಡುವೆ ನುಸುಳಿ, ಒಬ್ಬಳೇ ಕೊಂಡಿ ಎತ್ತಿ ಹಾಕಿ, ತಿರುಪು ಬಿಗಿದು, ಬ್ರೇಕಿನ ಗಾಳಿಯ ಪೈಪು ಜೋಡಿಸಿ, ಕೈಯೆಲ್ಲ ಕಪ್ಪು ಮಾಡಿಕೊಂಡು ಹೊರಗೆ ಬಂದಳು. ಪರೀಕ್ಷೆ ಮಾಡುವ ಸಾಹೇಬರು ಬಗ್ಗಿ ನೋಡಿದರು, ಇನ್ನೊಮ್ಮೆ ಬಗ್ಗಿ ನೋಡಿದರು, ಆಮೇಲೆ "ಪಾಸ್" ಅಂದರು.

ಈ ಸುದ್ದಿಯನ್ನು ನಾನು ಬಸ್ಸಿನ ಕಂಡಕ್ಟರನಿಗೆ ಹೇಳಿದೆ. ಹಳಿಯಾಳ ಬಸ್‌ಸ್ಟ್ಯಾಂಡಿನಲ್ಲಿ ಮೆಣಸಿನಕಾಯಿ ಮಾರುವವಳಿಗೆ ಹೇಳಿದೆ. ಅವಳು "ಯಾವ ಗಾಡಿ ಬೇ, ಎತ್ತಿನ ಗಾಡಿ ಏನು?" ಅಂದಾಗ ಸಿಟ್ಟು ಬಂತು. ಅಲ್ಲೇ ಕೂತು ಮೊದಲಿನಿಂದ ಹೇಳಿದೆ, ನಮ್ಮೂರು ತೇರಗಾಂವದ ಬಸ್ಸು ತಪ್ಪಿತು. ಮನೆಗೆ ಬಂದು ಎಮ್ಮೆಗೂ ಹೇಳಿದೆ. ಇನ್ನು ಹೇಳಲಿಕ್ಕೆ ಯಾರೂ ಉಳಿಯಲಿಲ್ಲ ಅಂತ ಇವತ್ತು ಮೊಮ್ಮಗಳ ಟ್ರೇನಿಂಗಿನ ನೋಟ್‌ಬುಕ್ಕಿನಲ್ಲಿ ಖಾಲಿ ಉಳಿದ ಹಾಳೆ ಹುಡುಕಿ ಬರೆಯಲು ಕೂತಿದ್ದೇನೆ.

"ಊರಿಗೆಲ್ಲಾ ಡಂಗುರಾ ಹೊಡದಿ. ಇನ್ನ ಬರದು ಯಾರಿಗೆ ಹೇಳಾಕಿ?" ಅಂತ ನಮ್ಮ ಮುದುಕ ಕಟ್ಟೆಯ ಮೇಲೆ ಕೂತು ಕೇಳಿದ.

"ಓದಾಕ ಬರೂವರಿಗೆ. ನಿಮಗಲ್ಲ" ಅಂದೆ.

ನಾನು ಕಲಿತದ್ದು ಮೂರನೇ ಇಯತ್ತೆ. ಅಕ್ಷರ ಡೊಂಕಾದಾವು, ನೀವೇ ನೆಟ್ಟಗೆ ಮಾಡಿಕೊಂಡು ಓದಿಕೊಳ್ಳಿರಿ.

ನಾನು ಹುಟ್ಟಿದ್ದು ಜೋಯಿಡಾದ ಆಚೆ, ಅಣಶಿ ಕಡೆಯ ಕಾಡಿನಲ್ಲಿ. ನಮ್ಮದು ಸಿದ್ದಿ ಮನೆತನ. ಅಪ್ಪ ಕಾಡಿನಲ್ಲಿ ಮರದ ದಿಮ್ಮಿ ಎಳೆಯುವ ಕೆಲಸಕ್ಕೆ ಹೋಗುತ್ತಿದ್ದ. ದಿಮ್ಮಿಗಳೆಲ್ಲ ದಾಂಡೇಲಿಗೆ ಬಂದು ಬೀಳುತ್ತಿದ್ದವು. ಒಮ್ಮೆ ಅಪ್ಪ ನನ್ನನ್ನು ದಾಂಡೇಲಿಗೆ ಕರೆದುಕೊಂಡು ಬಂದು ರೈಲು ತೋರಿಸಿದ. ನನಗೆ ಆಗ ಏಳೋ ಎಂಟೋ ವರ್ಷ. ಎಲ್ಲರೂ ಇಂಜಿನ್ನು ನೋಡಿದರೆ ನಾನು ನೋಡಿದ್ದು ಡಬ್ಬಿ ಡಬ್ಬಿಯ ನಡುವಿನ ಸಂದು. ಯಾಕಂದರೆ ಅದು ನನ್ನ ಎತ್ತರಕ್ಕೆ ಇತ್ತು. ಒಂದೊಂದು ಡಬ್ಬಿಯ ಮೋರೆಗೂ ಎರಡೆರಡು ದಪ್ಪ ಕಬ್ಬಿಣದ ಹರಿವಾಣ. ಈ ಡಬ್ಬಿಯ ಹರಿವಾಣ ಆ ಡಬ್ಬಿಯ ಹರಿವಾಣಕ್ಕೆ ಒತ್ತಿಕೊಂಡು ನಿಂತಿದೆ, ಎದೆಗೆ ಎದೆ ಹಚ್ಚಿದ ಹಾಗೆ. ಆ ಹರಿವಾಣದ ಮೇಲೆ ಏನೋ ಕರಿಯದು, ಜಿಡ್ಡಿನದು ಬಳಿದಿದ್ದರು.

"ಅಪ್ಪಾ, ಇವು ಒಂದಕ್ಕೊಂದು ಹೆಂಗ ಹಿಡಕೊಂಡಾವು?" ಅಂತ ಕೇಳಿದೆ.

"ಹಲಸಿನ ಮ್ಯಾಣ ಹಚ್ಚ್ಯಾರವ್ವಾ. ಬಿಡೂದು ಹೆಂಗ?" ಅಂದ ಅಪ್ಪ.

ಅಪ್ಪ ಚೇಷ್ಟೆಗೆ ಅಂದನೋ, ಅವನಿಗೂ ಹಾಗೇ ಅನ್ನಿಸಿತ್ತೋ, ಈಗ ಕೇಳೋಣ ಅಂದರೆ ಅವನಿಲ್ಲ. ಆದರೆ ನಾನು ನಂಬಿದೆ. ಯಾಕೆ ನಂಬಬಾರದು? ಕಾಡಿನವರಿಗೆ ಹಲಸಿನ ಮೇಣದ ಶಕ್ತಿ ಗೊತ್ತು. ಒಡೆದ ಗಡಿಗೆಗೆ ಅದನ್ನೇ ಮೆತ್ತುತ್ತಿದ್ದೆವು. ಅಣ್ಣಂದಿರು ಕೋಲಿಗೆ ಅದನ್ನೇ ಸುತ್ತಿ ಹಕ್ಕಿ ಹಿಡಿಯುತ್ತಿದ್ದರು. ಒಮ್ಮೆ ನನ್ನ ತಲೆಗೂದಲಿಗೆ ಹತ್ತಿದಾಗ ಅವ್ವ ಬಿಡಿಸಲಿಕ್ಕೆ ಹೋಗಿ ಸೋತು ಅರ್ಧ ತಲೆ ಬೋಳಿಸಿದ್ದಳು. ಅಂಥ ಮೇಣ ರೈಲನ್ನು ಹಿಡಿದುಕೊಂಡರೆ ಆಶ್ಚರ್ಯವೇನು? ನನಗಿದ್ದ ಸಂಶಯ ಒಂದೇ. ಇಷ್ಟು ಮೇಣಕ್ಕೆ ಎಷ್ಟು ಹಲಸಿನ ಮರ ಬೇಕಾದವು ಅಂತ.

ಮದುವೆಯಾದ ಮೇಲೆ ದಾಂಡೇಲಿಯಿಂದ ಅಳ್ನಾವರದ ತನಕ ಅದೇ ರೈಲಿನಲ್ಲಿ ಬಂದೆ, ಅಲ್ಲಿಂದ ಬಸ್ಸು ಹಿಡಿದು ಈ ಊರಿಗೆ. ಅಳ್ನಾವರದಲ್ಲಿ ಇಳಿದವಳು ಮಂದಿ ಸಾಮಾನು ಇಳಿಸುವುದರೊಳಗೆ ಆ ಸಂದಿಗೆ ಹೋಗಿ ಹರಿವಾಣ ಮುಟ್ಟಿ ನೋಡಿದೆ. ಮೇಣವೋ ಅಲ್ಲವೋ, ಖಾತ್ರಿ ಮಾಡಿಕೊಳ್ಳಬೇಕಿತ್ತು. ಕೈಗೆ ಕರಿಯದು ಬಂತು, ಕೈಯಿಂದ ಹೊಸ ಸೀರೆಯ ಸೆರಗಿಗೆ ಬಂತು. ಅತ್ತೆ ನೋಡಿ, "ಇಕಿ ಗಂಡನ್ನ ನೋಡೂದು ಬಿಟ್ಟು ರೈಲಿನ ಅಂಡು ನೋಡಾಕ ಹೋಗ್ಯಾಳ" ಅಂದಳು. ಆ ಸೀರೆಯನ್ನು ಎಷ್ಟು ತಿಕ್ಕಿದರೂ ಕಲೆ ಹೋಗಲಿಲ್ಲ. ಸೀರೆ ಹರಿದ ಮೇಲೆ ಅದರ ತುಂಡನ್ನು ಹೊದೆಯುವ ಕೌದಿಗೆ ಹಚ್ಚಿ ಹೊಲಿದೆ. ಈಗಲೂ ಇದೆ, ಮೂಲೆಯಲ್ಲಿ ನಾಲ್ಕು ಬೆರಳಿನ ಗುರುತು. ಹೋಗದಿದ್ದುದಕ್ಕೆ ನನ್ನ ನಂಬಿಕೆ ಇನ್ನೂ ಗಟ್ಟಿಯಾಯಿತು. ಮೇಣವೇ ಅದು, ಇಲ್ಲಾಂದರೆ ಸಾಬೂನಿಗೆ ಬಿಡುತ್ತಿರಲಿಲ್ಲವೇ?

ಆಮೇಲೆ ದಾಂಡೇಲಿಯ ರೈಲು ನಿಂತಿತು, ಮತ್ತೆ ಬಂತು, ಮತ್ತೆ ನಿಂತಿತು. ನಮ್ಮ ಕಡೆಗೆ ರೈಲು ಬರುವುದು ಸಿಟ್ಟಾದ ಅಳಿಯ ಬಂದ ಹಾಗೆ, ಬಂದರೆ ಬಂತು. ನಾನು ತೇರಗಾಂವದ ಸುತ್ತಿನ ಗದ್ದೆಗಳಲ್ಲಿ ಕಬ್ಬು ಕಡಿದೆ, ಹೊರೆ ಕಟ್ಟಿದೆ, ಗಾಡಿಗೆ ಹೇರಿದೆ. ಮಕ್ಕಳನ್ನು ಬೆಳೆಸಿದೆ. ಮಗ ಈಗ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುತ್ತಾನೆ, ಹಿಂದೆ ಎರಡು ಟ್ರಾಲಿ ಕಟ್ಟಿಕೊಂಡು ಹಳಿಯಾಳದ ಸಕ್ಕರೆ ಕಾರ್ಖಾನೆಗೆ. ಮೇಣದ ಮಾತು ಮರೆತೇ ಹೋಗಿತ್ತು.

ಅದು ಮತ್ತೆ ಎದ್ದದ್ದು ಮೊಮ್ಮಗಳಿಂದ. ಈ ಮಗನ ಮಗಳು ರೈಲ್ವೆಯ ಪರೀಕ್ಷೆ ಬರೆದು, ಓಡಿ, ಭಾರ ಹೊತ್ತು ತೋರಿಸಿ, ಪಾಯಿಂಟ್ಸ್‌ಮನ್ ಕೆಲಸಕ್ಕೆ ಸೇರಿದಳು. ಹಾಗಂದರೆ ಟೇಶನ್ನಿನಲ್ಲಿ ಬಾವುಟ ತೋರಿಸುವುದು, ಇಂಜಿನ್ನನ್ನು ಗಾಡಿಗೆ ಕೂಡಿಸುವುದು, ಬಿಚ್ಚುವುದು. "ಹುಡುಗಿಗೆ 'ಮನ್' ಅಂತಾರೇನು?" ಅಂತ ಮುದುಕ ಕೇಳಿದ. "ಕೊಂಡಿಗೆ ಗೊತ್ತಿಲ್ಲೋ ಅಜ್ಜಾ, ಹಿಡದಾಕಿ ಹೆಣ್ಣೋ ಗಂಡೋ ಅಂತ" ಅಂದಳು.

ಅವಳು ಟ್ರೇನಿಂಗಿಗೆ ಹೋಗಲು ಶುರು ಮಾಡಿದ ವಾರ ಹಿತ್ತಲ ಮರದ ಮೊದಲ ಹಲಸು ಹಣ್ಣಾಗಿತ್ತು. ನಾನು ಅಂಗಳದಲ್ಲಿ ಗೋಣಿ ಹಾಸಿ ಹಣ್ಣು ಕೊಯ್ಯುತ್ತಿದ್ದೆ. ಅವಳು ಬಸ್ಸಿಳಿದು ಬಂದು ಎದುರಿಗೆ ಕುಕ್ಕರಗಾಲಿನಲ್ಲಿ ಕೂತಳು.

"ಏನು ಕಲತಿ ಇವತ್ತು?" ಅಂದೆ.

"ಬಫರಿಗೆ ಗ್ರೀಸ್ ಹಚ್ಚಿದ್ನಿ. ಡಬ್ಬಿ ಮುಂದ ಎರಡು ದುಂಡಂದು ಇರ್ತಾವಲ್ಲ, ಅವು ಬಫರ್."

"ಹೌದೌದು, ಮ್ಯಾಣ ಹಚ್ಚೂದು" ಅಂದೆ, ಎಲ್ಲ ತಿಳಿದವಳ ಹಾಗೆ. "ಗಾಡಿ ಬಿಡಬಾರದಂತ."

ಅವಳು ನನ್ನ ಮೋರೆ ನೋಡಿದಳು. "ಏನಂದಿ?"

ಅಪ್ಪ ಹೇಳಿದ್ದನ್ನೆಲ್ಲ ಹೇಳಿದೆ. ಕೌದಿಯ ಕಲೆಯನ್ನೂ ಹೇಳಿದೆ. ಅವಳು ನಗಲಿಕ್ಕೆ ಶುರು ಮಾಡಿದವಳು ಗೋಣಿಯ ಮೇಲೆ ಉರುಳಿದಳು. ಒಳಗಿಂದ ಸೊಸೆ ಬಂದಳು, ಅವಳಿಗೂ ಹೇಳಿ ನಕ್ಕಳು. ಮುದುಕ ಏನು ಎತ್ತ ಕೇಳದೇ ನಕ್ಕ. ನನಗೆ ಅವಮಾನವಾಗಿ ಕತ್ತಿ ಹಣ್ಣಿನಲ್ಲೇ ಬಿಟ್ಟು ಕೂತೆ.

ನಗು ಮುಗಿದ ಮೇಲೆ ಅವಳು ಕೇಳಿದಳು. "ಅಜ್ಜಿ, ನಿನ್ನ ಕೈಗೆ ಏನು ಹಚ್ಚಿಕೊಂಡಿ?"

"ಎಣ್ಣಿ."

"ಯಾಕ?"

"ಯಾಕಂದ್ರ? ಹಲಸು ಕೊಯ್ಯೂ ಮುಂದ ಎಣ್ಣಿ ಹಚ್ಚಿಕೋಬೇಕಲ್ಲ. ಇಲ್ಲಾಂದ್ರ ಮ್ಯಾಣ..."

ಮ್ಯಾಣ ಹತ್ತುತ್ತದೆ. ಹತ್ತಬಾರದು ಅಂತ ಎಣ್ಣೆ.

"ಗಾಡಿಗೂ ಅದಕ್ಕ ಅಜ್ಜಿ" ಅಂದಳು. "ಅದು ಅಂಟಲಿ ಅಂತ ಹಚ್ಚೂದಲ್ಲ, ಜಾರಲಿ ಅಂತ. ಗಾಡಿ ತಿರುವಿನ್ಯಾಗ ಹೊಳ್ಳೂ ಮುಂದ ಈ ಬಫರ್ ಆ ಬಫರಿನ ಮ್ಯಾಲೆ ಸರೀಬೇಕು. ಗ್ರೀಸ್ ಇಲ್ಲಂದ್ರ ಕಬ್ಬಿಣಕ್ಕ ಕಬ್ಬಿಣ ತಿಕ್ಕತೈತಿ."

ನೋಡಿರಿ, ಐವತ್ತು ವರ್ಷದಿಂದ ಹಲಸು ಕೊಯ್ಯುತ್ತಿದ್ದೇನೆ. ಕೈಗೆ ಎಣ್ಣೆ ಯಾಕೆ ಅಂತ ನನಗೇ ಗೊತ್ತು. ರೈಲಿನ ಎಣ್ಣೆ ಯಾಕೆ ಅಂತ ಅದೇ ತಲೆಗೆ ಹೊಳೆಯಲಿಲ್ಲ.

"ಹಂಗಾರ ಹಿಡಕೊಳ್ಳೂದು ಯಾವುದು?" ಅಂದೆ. ಈಗ ನನಗೆ ತಿಳಿಯಲೇಬೇಕಿತ್ತು.

ಅವಳು ಎಣ್ಣೆಯ ಬಟ್ಟಲಿನಲ್ಲಿ ಬೆರಳದ್ದಿ ಗೋಣಿಯ ಮೇಲೆ ಚಿತ್ರ ಬರೆದಳು. ಎರಡು ಬಫರಿನ ನಡುವೆ, ಸರಿಯಾಗಿ ಮಧ್ಯದಲ್ಲಿ, ಒಂದು ದಪ್ಪ ಹುಕ್ಕು ಇರುತ್ತದೆ. ಈ ಡಬ್ಬಿಯ ಹುಕ್ಕಿನಿಂದ ಒಂದು ಕೊಂಡಿ ಜೋತು ಬಿದ್ದಿರುತ್ತದೆ. ಅದನ್ನು ಎತ್ತಿ ಎದುರಿನ ಹುಕ್ಕಿಗೆ ಹಾಕಬೇಕು. ಕೊಂಡಿಯ ನಡುವೆ ತಿರುಪು ಇದೆ, ಅದಕ್ಕೊಂದು ಹಿಡಿಕೆ. ಹಿಡಿಕೆ ತಿರುವಿದಂತೆ ಕೊಂಡಿ ಗಿಡ್ಡವಾಗುತ್ತದೆ, ಎರಡೂ ಡಬ್ಬಿ ಹತ್ತಿರ ಹತ್ತಿರ ಬಂದು ಬಫರಿಗೆ ಬಫರು ಮುಟ್ಟುತ್ತವೆ. ಇದಕ್ಕೆ ಅವರು ಕಪ್ಲಿಂಗ್ ಅನ್ನುತ್ತಾರೆ.

"ಎಳಿಯೂದು ಕೊಂಡಿ. ಗುದ್ದಿದ್ರ ತಡಕೊಳ್ಳೂದು ಬಫರ್. ಅದರ ಒಳಗ ಸ್ಪ್ರಿಂಗ್ ಐತಿ."

"ನಿಮ್ಮಪ್ಪನ ಟ್ರಾಲಿಗೆ ಬರೇ ಒಂದು ಪಿನ್ನು. ಬಫರ್ ಇಲ್ಲಲ್ಲ?"

"ಅದಕ್ಕ ಬ್ರೇಕ್ ಹಾಕಿದ್ರ ಟ್ರಾಲಿ ಬಂದು ಹಿಂದಿಂದ ಕಟಕ್ ಅಂತ ಗುದ್ದತೈತಿ. ನೀ ಕಬ್ಬಿನ ಮ್ಯಾಲೆ ಕೂತು ಹೋಗೂ ಮುಂದ ನಡಾ ಮುರೀತಂತ ಬೈತಿದ್ದಿಲ್ಲ?"

ಬೈಯುತ್ತಿದ್ದೆ. ಮಗನಿಗೇ ಬೈಯುತ್ತಿದ್ದೆ, ಅವನಿಗೆ ಗಾಡಿ ಹೊಡೆಯಲು ಬರುವುದಿಲ್ಲ ಅಂತ. ತಪ್ಪು ಅವನದಲ್ಲ, ಟ್ರಾಲಿಗೆ ಎದೆ ಇಲ್ಲ.

"ಹಂಗಾರ ನಮ್ಮನ್ಯಾಗ ಕೊಂಡಿ ಯಾರು, ಬಫರ್ ಯಾರು?" ಅಂದಳು ಸೊಸೆ, ನನ್ನನ್ನೇ ಓರೆಯಾಗಿ ನೋಡುತ್ತ.

"ನಾ ಬಫರ್" ಅಂದ ಮುದುಕ. "ಎಲ್ಲಾರೂ ಬಂದು ಗುದ್ದೂದು ನನಗ."

ಆ ದಿನದಿಂದ ನನಗೆ ಅದೇ ಧ್ಯಾನ. ಅವಳು ಸಂಜೆ ಬಂದರೆ ಸಾಕು, ಚಹಾ ಕೊಡುವ ಮೊದಲೇ ಕೇಳುತ್ತಿದ್ದೆ. ಕೊಂಡಿ ಹರಿಯುವುದಿಲ್ಲವೇ? ಡಬ್ಬಿ ಡಬ್ಬಿಗೂ ನೀವೇ ಹಾಕಬೇಕೇ? ಅವಳು ಒಂದು ಹೊಸ ಮಾತು ಹೇಳಿದಳು. ಈಗ ಬರುವ ಹೊಸ ನಮೂನೆಯ ಡಬ್ಬಿಗಳಿಗೆ ಈ ಪಕ್ಕದ ಬಫರೂ ಇಲ್ಲ, ಈ ಕೊಂಡಿಯೂ ಇಲ್ಲವಂತೆ. ನಡುವೆ ಒಂದು ದೊಡ್ಡ ಕಬ್ಬಿಣದ ಮುಷ್ಟಿ. ಎರಡು ಮುಷ್ಟಿ ಬಂದು ತಾಗಿದರೆ ಬೆರಳು ಮಡಚಿ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಎಳೆಯುವುದೂ ಅದೇ, ತಡೆಯುವುದೂ ಅದೇ. ಇಂಜಿನ್ನಿಗೆ ಮಾತ್ರ ಎರಡೂ ಇರುತ್ತವೆ, ಹುಕ್ಕು ಕೊಂಡಿ ಬಫರೂ ಇದೆ, ಮುಷ್ಟಿಯೂ ಇದೆ. ಹಳೆಯ ಡಬ್ಬಿ ಬಂದರೂ ಸೈ, ಹೊಸದು ಬಂದರೂ ಸೈ.

"ಎಲ್ಲಾ ಹೊಸಾವು ಆದ್ರ ನಿನ್ನ ಕೆಲಸಾ ಹೋತಲ್ಲ ಬೇ?" ಅಂತ ಗಾಬರಿಯಾದೆ.

"ಎಲ್ಲಿ ಹೋಗತೈತಿ? ಮುಷ್ಟಿ ಖರೇನ ಬಿಗದೈತೋ ಇಲ್ಲೋ ನೋಡಾಕ ಮಂದಿ ಬೇಕು. ಪೈಪು ಹಾಕಾಕ ಮಂದಿ ಬೇಕು. ಮದ್ಲ ಹಳೇ ಕೊಂಡಿ ಹಾಕಾಕ ಬಂದ್ರ ಸಾಕಾಗೇತಿ ನನಗ."

ಕಡೆಯ ಮಾತು ಹೇಳುವಾಗ ಅವಳ ದನಿ ಸಣ್ಣದಾಯಿತು. ಆಗಲೇ ನನಗೆ ಗೊತ್ತಾದದ್ದು, ಅವಳಿಗೆ ಕೊಂಡಿ ಎತ್ತಲಿಕ್ಕೆ ಆಗುತ್ತಿಲ್ಲ ಅಂತ.

ನಮ್ಮ ಹುಡುಗಿ ನನ್ನ ಹಾಗೇ ಗಿಡ್ಡ. ಕೊಂಡಿ ದೊಡ್ಡ ಕಬ್ಬಿನ ಹೊರೆಯ ಭಾರ. ಮೊದಲ ಪರೀಕ್ಷೆಯಲ್ಲಿ ಅವಳಿಗೆ ಅದನ್ನು ಹುಕ್ಕಿನ ಎತ್ತರಕ್ಕೆ ಎತ್ತಲಿಕ್ಕೇ ಆಗಲಿಲ್ಲ. ಎರಡನೆಯ ಸಲ ಹೇಗೋ ಎತ್ತಿದಳು, ಆದರೆ ಕೊಂಡಿ ಎದುರಿನ ಹುಕ್ಕಿನ ತುದಿಗೆ ತಾಗಿ ಜಾರಿ ಬಿತ್ತು. ಒಂದು ಗೇಣು ಸಾಲದಾಯಿತಂತೆ. ಅಲ್ಲಿ ಅವಳಿಗೆ ಕೆಲಸ ಕಲಿಸುವ ಹಿರಿಯರೊಬ್ಬರಿದ್ದಾರೆ, ನಿವೃತ್ತಿಗೆ ಬಂದವರು, ಒಳ್ಳೆಯವರು. ಅವರು, "ಇನ್ನೊಂದು ಸಲ ನೋಡೂಣು ತಂಗಿ. ಅದೂ ಆಗಲಿಲ್ಲಂದ್ರ ಆಫೀಸಿನ್ಯಾಗ ಕಾಗದಾ ಒಯ್ದು ಕೊಡೂ ಕೆಲಸಾ ಐತಿ. ನೆಳ್ಳಾಗ ಇರ್ತಿ" ಅಂದರಂತೆ.

ನಮಗೆಲ್ಲ ಅದು ಒಳ್ಳೆಯದೇ ಅನ್ನಿಸಿತು. ಸೊಸೆಯಂತೂ, "ಗಾಡಿ ನಡುವೆ ಹೋಗೂದು ಬ್ಯಾಡವಾ, ನೆಳ್ಳಾಗ ಇರು" ಅಂದಳು.

"ನನಗ ನೆಳ್ಳು ಬ್ಯಾಡ" ಅಂದಳು ಹುಡುಗಿ. "ಗಾಡಿ ಕೂಡಸಾಕ ಹೋದಾಕಿ ನಾನು."

ಅವತ್ತಿನಿಂದ ಅವಳು ನಮ್ಮ ಜೊತೆ ಪಂಕ್ತಿಗೆ ಕೂರುವುದನ್ನು ಬಿಟ್ಟಳು. ನಮ್ಮ ಮನೆಯಲ್ಲಿ ಸಂಜೆಯ ಊಟ ಎಲ್ಲರೂ ಕೂಡಿಯೇ. ಅವಳು ಒಲೆಯ ಹತ್ತಿರ ನಿಂತೇ ನಾಲ್ಕು ತುತ್ತು ನುಂಗಿ ಎದ್ದು ಹೋಗುವಳು. ಕರೆದರೆ, "ಪಾಸಾದ ಮ್ಯಾಲೆ ಕೂಡ್ತೇನಿ" ಅನ್ನುವಳು. ಅವಳ ಜಾಗ ಖಾಲಿ ಬಿಟ್ಟೇ ನಾವು ಉಣ್ಣುತ್ತಿದ್ದೆವು.

ಒಂದು ಮುಂಜಾನೆ ನಾನೇ ಕೇಳಿದೆ. "ಹೆಂಗ ಎತ್ತತಿ? ತೋರಸು."

ಅವಳು ನೀರಿನ ಕೊಡ ಹಿಡಿದು ತೋರಿಸಿದಳು. ಎರಡು ಕೈ ಮುಂದೆ ಚಾಚಿ, ರಟ್ಟೆಯ ಬಲದಿಂದ ನೇರ ಮೇಲಕ್ಕೆ. ನನಗೆ ನಗು ಬಂತು. ಮೇಣದ ದಿವಸ ಅವಳು ನಕ್ಕದ್ದಕ್ಕೆ ಈಗ ನನ್ನ ಸರದಿ.

"ಇದು ಗಂಡಸರ ಎತ್ತೂದು" ಅಂದೆ. "ಕಬ್ಬಿನ ಗದ್ದಿಯೊಳಗ ನಾವು ಹಿಂಗ ಎತ್ತಿದ್ರ ಒಂದು ಗಾಡಿನೂ ತುಂಬ್ತಿದ್ದಿಲ್ಲ. ಭಾರ ಎತ್ತಬಾರದು, ತೂಗಬೇಕು. ಒಮ್ಮೆ ಹಿಂದಕ್ಕ ಬಿಡು, ಅದು ತಾನಽ ಮುಂದಕ್ಕ ಬರತೈತಿ. ಬರೂ ಮುಂದ ತೊಡಿಗೆ ತಾ. ತೊಡಿ ಅದನ್ನ ಮ್ಯಾಲೆ ಒಗಿತೈತಿ, ಕೈ ಬರೇ ದಾರಿ ತೋರಸ್ತಾವು."

ಅವಳು ತಲೆ ಓರೆ ಮಾಡಿ ನನ್ನನ್ನೇ ನೋಡಿದಳು. ಮರುದಿನ ಟೇಶನ್ನಿನಿಂದ ಬರುವಾಗ ಓಢಣಿಗೆ ಒಂದು ಗಂಟು ಹಾಕಿಕೊಂಡು ಬಂದಳು. ನೆಲದಿಂದ ಹುಕ್ಕಿನ ಎತ್ತರ ಆ ಗಂಟಿನ ತನಕ. ಆ ಅಳತೆಗೆ ಕೊಟ್ಟಿಗೆಯ ಕಂಬಕ್ಕೆ ಮಗ ಒಂದು ಹುಕ್ಕು ಬಡಿದ. ಎದುರಿನ ಕಂಬಕ್ಕೆ ಟ್ರ್ಯಾಕ್ಟರಿನ ಹಳೆಯ ಸರಪಳಿ ಕಟ್ಟಿ, ಭಾರಕ್ಕೆ ಅದರ ನಡುವೆ ಎರಡು ತುಕ್ಕು ಹಿಡಿದ ನೇಗಿಲ ಗುಳ ಬಿಗಿದು, ತುದಿಗೆ ದೊಡ್ಡದೊಂದು ಬಳೆ ಹಾಕಿದ.

"ದಾಂಡೇಲಿಗೆ ಬರವಲ್ಲದ ರೈಲು ನಮ್ಮ ಕೊಟ್ಟಿಗಿಗೆ ಬಂತು" ಅಂದ ಮುದುಕ. ಎಮ್ಮೆ ಎರಡು ದಿನ ಹಾಲು ಕಡಿಮೆ ಕೊಟ್ಟಿತು, ಆ ಸಪ್ಪಳಕ್ಕೆ.

ದಿನಾ ಮುಂಜಾನೆ ಬಸ್ಸಿನ ಹೊತ್ತಿನ ತನಕ ತೂಗುವುದು, ತೊಡೆಗೆ ತರುವುದು, ಒಗೆಯುವುದು. ಮೊದಲ ದಿನ ಸರಪಳಿ ಅವಳ ಮೊಣಕಾಲಿಗೆ ಬಡಿಯಿತು. ಮೂರನೆಯ ದಿನ ಬಳೆ ಹುಕ್ಕಿನ ಮೂಗಿಗೆ ತಾಗಿ ವಾಪಸು ಬಂತು. ಒಂದು ವಾರಕ್ಕೆ ಠಣ್ ಅಂತ ಹೋಗಿ ಕೂತಿತು. ನಾನು ಚಪ್ಪಾಳೆ ಹೊಡೆದೆ. ಅವಳ ಮುಖ ಮಾತ್ರ ಅರಳಲಿಲ್ಲ.

"ಅಲ್ಲಿ ಒಂದು ಗೇಣು ಸಾಲೂದಿಲ್ಲ ಅಜ್ಜಿ. ಅದಕ್ಕೇನು ಮಾಡ್ಲಿ?"

ಇದಕ್ಕೆ ನಾನು ಎರಡು ದಿನ ಯೋಚನೆ ಮಾಡಿದೆ. ರೊಟ್ಟಿ ಬಡಿಯುವಾಗ ಒಂದೇ ಸಮ ಅದೇ ಯೋಚನೆ, ಎರಡು ರೊಟ್ಟಿ ಸೀದವು. ಆಮೇಲೆ ಕಬ್ಬಿನ ಗಾಡಿಯ ಹಗ್ಗ ನೆನಪಾಯಿತು. ಕಬ್ಬು ಹೇರಿದ ಮೇಲೆ ಹಗ್ಗವನ್ನು ಹೊರೆಯ ಮೇಲಿಂದ ಎಸೆದು, ನಡುವೆ ಒಂದು ಬಡಿಗೆ ಸಿಗಿಸಿ ತಿರುವುತ್ತಿದ್ದೆವು. ತಿರುವಿದಂತೆ ಹಗ್ಗ ಗಿಡ್ಡವಾಗಿ ಹೊರೆ ಬಿಗಿಯುತ್ತಿತ್ತು. ಅವಳ ಕೊಂಡಿಯ ತಿರುಪಿನ ಕೆಲಸವೂ ಅದೇ ಅಲ್ಲವೇ? ಆದರೆ ಹಿಂದಿನ ದಿನದ ತಿರುವು ಹಗ್ಗದಲ್ಲಿ ಹಾಗೇ ಉಳಿದಿದ್ದರೆ ಹಗ್ಗ ಆ ಕಡೆಗೆ ಮುಟ್ಟುತ್ತಿರಲಿಲ್ಲ. ಕೂಲಿಯವರ ಮೇಲಿನ ಮುಕಾದಮ ಬೈಯುತ್ತಿದ್ದ, "ಮದ್ಲ ಬಿಚ್ಚಿ ಉದ್ದ ಮಾಡ್ರಿ, ಆಮ್ಯಾಲೆ ಬಿಗೀರಿ" ಅಂತ.

"ಕೊಂಡಿ ಎತ್ತೂಕಿಂತ ಮದ್ಲ ತಿರುಪು ಪೂರಾ ಬಿಚ್ಚತಿ ಏನು?" ಅಂತ ಕೇಳಿದೆ.

ಅವಳು ಚಹಾದ ಕಪ್ಪು ಕೆಳಗಿಟ್ಟಳು. "ಬಿಚ್ಚತೇನಿ... ಅರ್ಧಾ. ಹೊತ್ತು ಆಗತೈತಂತ ಗಡಿಬಿಡಿ ಮಾಡ್ತೇನಿ."

"ಆ ಅರ್ಧದಾಗ ನಿನ್ನ ಗೇಣು ಐತಿ ನೋಡು."

ಮರುದಿನ ಅವಳು ಆ ಹಿರಿಯರನ್ನೂ ಕೇಳಿದಳಂತೆ. ಅವರು ನಕ್ಕು, "ನಾ ಇದನ್ನ ನಿನಗ ಮೊದಲ ದಿನಾನ ಹೇಳಿದ್ನಿ ತಂಗಿ. ನಿಮ್ಮಜ್ಜಿ ಹೇಳಿದ್ದು ಕೇಳ್ತಿ, ನಾ ಹೇಳಿದ್ದು ಕೇಳೂದಿಲ್ಲ" ಅಂದರಂತೆ.

ಹೀಗೆ ನಿನ್ನೆ ಬಂತು. ನಾನೂ ಬರುತ್ತೇನೆ ಅಂತ ಹಟ ಹಿಡಿದು ಹೋದೆ. ಪ್ಲಾಟ್‌ಫಾರ್ಮಿನಲ್ಲಿ ಹಳದಿ ಗೆರೆಯ ಹಿಂದೆ ನಿಲ್ಲಿಸಿದರು. ಗಾಡಿ ನಿಂತಿತ್ತು, ಇಂಜಿನ್ನು ಈ ತುದಿ ಬಿಟ್ಟು ಪಕ್ಕದ ಹಳಿಯ ಮೇಲೆ ಸುತ್ತಿ ಆ ತುದಿಗೆ ಬರಬೇಕಿತ್ತು. ನಾನು ಆ ತುದಿಗೇ ಹೋಗಿ ನಿಂತೆ. ಮೊಮ್ಮಗಳು ಕಿತ್ತಳೆ ಬಣ್ಣದ ಅಂಗಿ ಹಾಕಿಕೊಂಡು ಹಳಿಯ ಪಕ್ಕ ನಿಂತು ಹಸಿರು ಬಾವುಟ ಆಡಿಸುತ್ತಿದ್ದಳು. ನನ್ನ ಕಡೆ ನೋಡಲೇ ಇಲ್ಲ.

ಪಕ್ಕದಲ್ಲಿ ಒಬ್ಬ ಹೆಣ್ಣುಮಗಳು ಬುತ್ತಿಯ ಚೀಲ ಹಿಡಿದು ನಿಂತಿದ್ದಳು. ಮೊಮ್ಮಗಳ ಬಣ್ಣ, ಗುಂಗುರು ಕೂದಲು ನೋಡಿ ಗಂಡನಿಗೆ ಹೇಳಿದಳು, "ನೋಡ್ರಿ, ರೈಲ್ವೆದಾಗ ಪರದೇಶದವರನ್ನೂ ತಗೊಂಡಾರ. ಯಾವ ದೇಶ ಇರಬೇಕು?"

"ತೇರಗಾಂವ ದೇಶ" ಅಂದೆ ನಾನು. "ಹಳಿಯಾಳ ದಾಟಿದ ಮ್ಯಾಲೆ ಬರತೈತ್ರಿ. ಪಾಸ್‌ಪೋರ್ಟ್ ಬೇಕಾಗೂದಿಲ್ಲ, ಬಸ್ಸಿನ ಚೀಟಿ ಸಾಕು."

ಅವಳು ತಿರುಗಿ ನನ್ನ ಮೋರೆ ನೋಡಿ ನಾಲಿಗೆ ಕಚ್ಚಿಕೊಂಡಳು. "ತಪ್ಪಾತ್ರಿ ಅಮ್ಮಾರ. ನಿಮ್ಮಾಕಿನ ಏನು?"

"ಮೊಮ್ಮಗಳು. ಇವತ್ತು ಅಕಿ ಪರೀಕ್ಷೆ. ಸುಮ್ಮ ನಿಂತು ಬೇಡಿಕೋರಿ."

ಪಾಪ, ಅವಳು ಖರೇನೇ ಕಣ್ಣು ಮುಚ್ಚಿ ಬೇಡಿಕೊಂಡಳು.

ಇಂಜಿನ್ನು ಬಂತು. ಸ್ವಲ್ಪ ದೂರದಲ್ಲಿ ಒಮ್ಮೆ ಪೂರ್ತಿ ನಿಂತಿತು. ಮೊಮ್ಮಗಳು ಕೈ ಮಾಡಿದಳು. ಇಂಜಿನ್ನು ಇರುವೆ ಬಂದ ಹಾಗೆ ಬಂದು ಬಫರಿಗೆ ಬಫರು ಒತ್ತಿತು. ಇಷ್ಟು ವರ್ಷಕ್ಕೆ ನಾನು ಅದನ್ನು ತಿಳಿದು ನೋಡಿದೆ. ಒತ್ತಿದಾಗ ಬಫರು ಒಳಗೆ ಸರಿದವು, ಉಸಿರು ಎಳೆದುಕೊಂಡ ಎದೆಯ ಹಾಗೆ. ಅವಳು ಕೆಂಪು ಬಾವುಟ ತೋರಿಸಿದಳು. ಎಲ್ಲ ನಿಂತ ಮೇಲೆ ಬಗ್ಗಿ ಬಫರಿನ ಕೆಳಗಿಂದ ಸಂದಿಗೆ ನುಸುಳಿದಳು.

ನನಗೆ ಕಾಣುತ್ತಿದ್ದುದು ಕಿತ್ತಳೆ ಬೆನ್ನು, ಕಬ್ಬಿಣ, ಮತ್ತೆ ಕಬ್ಬಿಣ. ಮೊದಲು ತಿರುಪು ಬಿಚ್ಚಿದಳು. ಎಷ್ಟು ಹೊತ್ತು ಬಿಚ್ಚಿದಳೋ! ಸಾಹೇಬರು ಗಡಿಯಾರ ನೋಡಿದರು. ಅವಳು ನೋಡಲಿಲ್ಲ, ಬಿಚ್ಚುತ್ತಲೇ ಇದ್ದಳು. ಆಮೇಲೆ ಕೊಂಡಿ ಹಿಡಿದು ಹಿಂದಕ್ಕೆ ತೂಗಿದಳು. ಮುಂದಕ್ಕೆ ಬಂತು, ಮೇಲೆ ಹೋಯಿತು, ಠಣ್ ಅಂತ ಹುಕ್ಕಿನ ಮೂಗಿಗೆ ಬಡಿದು ಕೆಳಗೆ ಜೋತಿತು.

ಹಳದಿ ಗೆರೆ ದಾಟಿ ನಿಂತು ಕೂಗಿದೆ. "ತೊಡಿಗೆ ತಾ ಬೇ! ತೊಡಿಗೆ!"

ಇಡೀ ಪ್ಲಾಟ್‌ಫಾರ್ಮು ತಿರುಗಿ ನನ್ನ ಕಡೆ ನೋಡಿತು. ಯಾರೋ ಹಿಡಿದು ಹಿಂದಕ್ಕೆ ಎಳೆದರು. ಬುತ್ತಿಯ ಹೆಣ್ಣುಮಗಳೂ ಕಾರಣ ಗೊತ್ತಿಲ್ಲದೇ "ತೊಡಿಗೆ ತಾರವ್ವಾ" ಅಂತ ಕೂಗಿದಳು.

ಮೊಮ್ಮಗಳು ಮತ್ತೆ ತೂಗಿದಳು. ಈ ಸಲ ಕಾಲು ಮಡಚಿದ್ದು ಕಂಡಿತು. ತೊಡೆ ಎದ್ದಿತು, ಕೊಂಡಿ ಅದರ ಜೊತೆ ಎದ್ದಿತು. ದಪ್ಪನೆಯ ಒಂದೇ ಸಪ್ಪಳ. ಆಮೇಲೆ ಸಪ್ಪಳವಿಲ್ಲ. ಕೂತಿತು! ಅವಳು ಹಿಡಿಕೆ ಹಿಡಿದು ಗರ ಗರ ತಿರುವಿದಳು, ಕಬ್ಬಿನ ಹೊರೆ ಬಿಗಿದ ಹಾಗೆ. ಕರಿಯ ಪೈಪುಗಳನ್ನು ಅಂಗೈಗೆ ಅಂಗೈ ಕೊಟ್ಟ ಹಾಗೆ ಜೋಡಿಸಿದಳು. ಕೀಲಿ ತಿರುವಿದಾಗ ಗಾಳಿ ಬುಸ್ ಅಂದಿತು. ಹೊರಗೆ ಬಂದು ಸೆಟೆದು ನಿಂತಳು. ಸಾಹೇಬರು ಬಗ್ಗಿ ನೋಡಿದ್ದನ್ನೂ "ಪಾಸ್" ಅಂದದ್ದನ್ನೂ ಆಗಲೇ ಬರೆದಿದ್ದೇನೆ. ಎಷ್ಟು ಸಲ ಬೇಕಾದರೂ ಬರೆದೇನು.

ಗಾಡಿ ಹೊರಟಿತು. ನಾನು ಕಡೆಯ ಡಬ್ಬಿ ಹೋಗುವ ತನಕ ನೋಡುತ್ತ ನಿಂತೆ. ಅವಳು ಹಾಕಿದ ಒಂದು ಕೊಂಡಿ ಅಷ್ಟೂ ಡಬ್ಬಿಗಳನ್ನು ಎಳೆದುಕೊಂಡು ಹೋಯಿತು. ಒಂದೂ ಹಿಂದೆ ಉಳಿಯಲಿಲ್ಲ.

"ನಾ ಕೂಗಿದ್ದಕ್ಕ ಆತು ನೋಡು" ಅಂದೆ ಅವಳಿಗೆ.

"ಕೂಗಿದೇನು? ಯಾವಾಗ?" ಅಂದಳು. "ಇಂಜಿನ್ ಸಪ್ಪಳದಾಗ ನನಗ ನನ್ನ ಉಸರಽ ಕೇಳವಲ್ದಾಗಿತ್ತು ಅಜ್ಜಿ."

ಇರಲಿ. ಅವಳಿಗೆ ಕೇಳದಿದ್ದರೆ ಅವಳ ತೊಡೆಗೆ ಕೇಳಿತ್ತು.

ಸಂಜೆ ಸೊಸೆ ಕೋಳಿ ಸಾರು ಮಾಡಿದಳು, ಅಕ್ಕಿ ರೊಟ್ಟಿ, ಅನ್ನ. ನಾನು ನನ್ನ ಅಪ್ಪನಿಗೆ ಸೇರುತ್ತಿದ್ದ ಕೆಂಪಿರುವೆ ಚಟ್ನಿ ಅರೆದೆ. ಮಗ ಟ್ರ್ಯಾಕ್ಟರ್ ಬೇಗ ತಂದು ನಿಲ್ಲಿಸಿ, ಮರದಲ್ಲಿ ಉಳಿದಿದ್ದ ಕಡೆಯ ಹಲಸನ್ನು ಇಳಿಸಿದ. ಮಳೆ ಶುರುವಾಗಿ ಅದು ಬಿರಿಯಲು ಬಂದಿತ್ತು, ಮನೆಯೆಲ್ಲ ವಾಸನೆ.

ಮೊಮ್ಮಗಳು ಸ್ನಾನ ಮಾಡಿ ಬಂದಳು. ಉಗುರಿನ ಸಂದಿಯಲ್ಲಿ ಕರಿಯದು ಹಾಗೇ ಇತ್ತು.

"ಹೋಗೂದಿಲ್ಲ ಅದು" ಅಂದೆ. "ನನ್ನ ಕೌದಿ ನೋಡು ಬೇಕಾದ್ರ."

ಒಲೆಯ ಹತ್ತಿರ ನಿಲ್ಲಲಿಲ್ಲ ಅವಳು. ತಟ್ಟೆ ಹಿಡಿದುಕೊಂಡು ಬಂದು, ನನಗೂ ಮುದುಕನಿಗೂ ನಡುವೆ, ಅವಳ ಖಾಲಿ ಜಾಗದಲ್ಲಿ ಕೂತಳು. ಜಾಗ ಇಕ್ಕಟ್ಟಾಗಿತ್ತು. ಇಷ್ಟು ದಿನದಲ್ಲಿ ನಾವಿಬ್ಬರೂ ಗೊತ್ತಿಲ್ಲದೇ ಅಲ್ಲಿಗೆ ಸರಿದಿದ್ದೆವು.

"ಸರೀರಿ, ಇಂಜಿನ್ ಬಂತು" ಅಂದ ಮುದುಕ. ಸರಿಯಲಿಲ್ಲ ಅವನೂ.

ಅವಳು ಮೂರು ಸಲ ಅನ್ನ ಹಾಕಿಸಿಕೊಂಡಳು. ಸೊಸೆ ಬಡಿಸುತ್ತ ಬಡಿಸುತ್ತ ತಾನೂ ಒಂದು ತಟ್ಟೆ ಹಾಕಿಕೊಂಡು ಎದುರಿಗೆ ಕೂತಳು. ಊಟ ಮುಗಿಯುವ ಹೊತ್ತಿಗೆ ಮಗ ಹಲಸನ್ನು ಸೀಳಿ ನಡುವೆ ಇಟ್ಟ. ಎಣ್ಣೆಯ ಬಟ್ಟಲು ಕೈಯಿಂದ ಕೈಗೆ ಹೋಯಿತು, ಎಲ್ಲರೂ ಬೆರಳಿಗೆ ಹಚ್ಚಿಕೊಂಡರು. ಮಾತಿನ ಭರದಲ್ಲಿ ನಾನೊಬ್ಬಳೇ ಹಚ್ಚಿಕೊಳ್ಳುವುದನ್ನು ಮರೆತೆ. ಕೊಂಡಿ ಹೇಗೆ ಎದ್ದಿತು ಅಂತ ಕೈ ಮಾಡಿ ತೋರಿಸುತ್ತ ಹಣ್ಣಿಗೆ ಕೈ ಹಾಕಿದೆ, ಆಮೇಲೆ ಅದೇ ಕೈಯನ್ನು ಮೊಮ್ಮಗಳ ಹೆಗಲ ಮೇಲೆ ಇಟ್ಟೆ. ಬೆರಳು ಅವಳ ಅಂಗಿಗೆ ಹತ್ತಿಕೊಂಡವು.

"ಅಜ್ಜಿ, ಮ್ಯಾಣ! ಹೊಸಾ ಅಂಗಿ ಐತಿ!" ಅಂತ ಅವಳು ಕೂಗಿದಳು, ಬಾಯಲ್ಲಿ ತೊಳೆ ಇಟ್ಟುಕೊಂಡೇ. ಎಣ್ಣೆಯ ಬಟ್ಟಲು ಆ ತುದಿಯಲ್ಲಿ ಮಗನ ಹತ್ತಿರ ಇತ್ತು. ಅದು ಬರುವ ತನಕ ನಾನು ಆ ಕೈ ಅಲ್ಲೇ ಬಿಟ್ಟು, ಎಡಗೈಯಿಂದ ಇನ್ನೊಂದು ತೊಳೆ ಬಿಡಿಸಿ ತಿಂದೆ.